ಬಿಸಿ ಎಲ್ಲಿಗೆ ಹೋಗ್ತದ?

ತಂಪು ಎಂಬುದು ಈ ದೇಶದಲ್ಲಿ ಎಂದೂ ಎಲ್ಲರಿಗೂ ಸೇರಿದ ಸ್ವತ್ತಾಗಿರಲಿಲ್ಲ. ಊರೊಳಗಿನವರಿಗೆ ಮೊಳ ದಪ್ಪದ ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಮುಂದೆ ಬೇವಿನ ಮರ, ಮರದ ಸುತ್ತ ಕಟ್ಟೆ. ಊರಾಚೆಯ ಕೇರಿಗೆ ತಗಡು. ಬಿಸಿಲು ಎಲ್ಲರ ಮೇಲೂ ಒಂದೇ ಸಮ ಬೀಳುತ್ತದೆ ಎಂದು ಹಾಡುವ ಕವಿಗಳು ತಗಡಿನ ಕೆಳಗೆ ಒಂದು ಮಧ್ಯಾಹ್ನ ಕೂತವರಲ್ಲ. ನಾವು ಕೂತವರು. ರಾಯಚೂರು ಸೀಮೆಯಲ್ಲಿ ಮೇ ತಿಂಗಳು ಹೊರಗೆ 42 ಡಿಗ್ರಿ ಅಂದರೆ ನಮ್ಮ ಕೋಣೆಯೊಳಗೆ ಅದಕ್ಕಿಂತ ಹೆಚ್ಚು. ಮೇಲಿನ ತಗಡು ರೊಟ್ಟಿ ಸುಡುವ ಹಂಚಾಗಿರುತ್ತದೆ, ಕೆಳಗೆ ನಾವು ರೊಟ್ಟಿ.

ಇಂಥ ಒಂದು ತಗಡಿನ ಕೋಣೆಯಲ್ಲಿ ನಾವು ಕೆಲವು ಗೆಳೆಯರು ಸೇರಿ ಕೇರಿಯ ಮಕ್ಕಳಿಗೆ ಓದುವ ಮನೆ ನಡೆಸುತ್ತೇವೆ. ಒಂದಷ್ಟು ಪುಸ್ತಕ, ಬಾಬಾಸಾಹೇಬರ ಪಟ, ಒಂದು ಹಳೆಯ ಕಂಪ್ಯೂಟರ್. ಕಂಪ್ಯೂಟರ್ ನಮಗೆ ಶೋಕಿಯಲ್ಲ. ಹಿಂದೆ ನಮ್ಮ ಅಪ್ಪಂದಿರು ಒಂದು ಪಹಣಿಗಾಗಿ ಶಾನುಭೋಗರ ಮನೆ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಪಹಣಿ ಕಂಪ್ಯೂಟರಿಗೆ ಹೋಯಿತು. ಆಮೇಲೆ ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿ, ಜಾತಿ ಪ್ರಮಾಣಪತ್ರ, ಪರೀಕ್ಷೆಯ ಫಲಿತಾಂಶ ಎಲ್ಲವೂ ಅದರ ಹಿಂದೆ ಹೋದವು. ಶಾನುಭೋಗ ಹೋದ, ಕಂಪ್ಯೂಟರ್ ಅಂಗಡಿಯವ ಬಂದ. ಒಂದು ಅರ್ಜಿ ತುಂಬಲಿಕ್ಕೆ ಅವನು ಕೇಳಿದಷ್ಟು ಕೊಡಬೇಕು. ಕೂಲಿಯವಳಿಗೆ ಅದು ಅರ್ಧ ದಿನದ ಕೂಲಿ. ಆದ್ದರಿಂದ ಕಂಪ್ಯೂಟರ್ ನಮ್ಮ ಕೇರಿಯಲ್ಲೇ ಇರಬೇಕು, ನಮ್ಮ ಮಕ್ಕಳೇ ಅದನ್ನು ನಡೆಸಬೇಕು ಎಂದು ಹಟ ಹಿಡಿದೆವು.

ಬೇಸಿಗೆ ಬಂತು. ಬೆಳಿಗ್ಗೆ ಹತ್ತರತನಕ ಯಂತ್ರ ಚೆನ್ನಾಗಿ ಓಡುತ್ತದೆ. ಹನ್ನೆರಡಕ್ಕೆ ಏದುಸಿರು ಬಿಡುತ್ತದೆ. ಎರಡು ಗಂಟೆಗೆ ಫಟ್ಟನೆ ಕಣ್ಣು ಮುಚ್ಚುತ್ತದೆ. ಅರ್ಧ ತುಂಬಿದ ಅರ್ಜಿ ಗಾಳಿಗೆ ಹೋಯಿತು. ಕೊನೆಯ ದಿನಾಂಕ ನಾಳೆ ಅಂದರೆ ನಾಳೆಯೇ, ಸರಕಾರಕ್ಕೆ ಸೆಕೆಯಾಗುವುದಿಲ್ಲ. ಕಂಪ್ಯೂಟರಿನ ಮಿದುಳೆಂದು ಹೇಳುವ ಪ್ರೊಸೆಸರ್ ಬೆರಳ ತುದಿಯಷ್ಟಗಲದ ಸಿಲಿಕಾನ್ ತುಂಡು. ನಮ್ಮದು ಪೂರ್ತಿ ಕೆಲಸಕ್ಕೆ ನಿಂತರೆ 65 ವ್ಯಾಟ್ ಶಾಖ ಬಿಡುತ್ತದೆ. ಆ ಶಾಖ ಹೊರಗೆ ಹೋಗದಿದ್ದರೆ ಅದು ಮೊದಲು ತನ್ನ ವೇಗ ಕಡಿಮೆ ಮಾಡಿಕೊಳ್ಳುತ್ತದೆ, 100 ಡಿಗ್ರಿ ಹತ್ತಿರ ಬಂದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ಆರಿಹೋಗುತ್ತದೆ. ಯಂತ್ರಕ್ಕಿರುವ ಈ ಸವಲತ್ತು ಹತ್ತಿ ಬಿಡಿಸುವ ಹೆಣ್ಣಾಳಿಗೆ ಇಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ದೂಳು ಒರೆಸಿದೆವು. ಪ್ರೊಸೆಸರಿಗೂ ಅದರ ಮೇಲಿನ ಲೋಹಕ್ಕೂ ನಡುವೆ ಹಚ್ಚುವ ಪೇಸ್ಟು ಬದಲಿಸಿದೆವು. ಸ್ವಲ್ಪ ಸುಧಾರಿಸಿತು. ಆದರೆ ಫ್ಯಾನಿಗೆ ಒಂದು ಮಿತಿ ಇದೆ. ಕೋಣೆಯ ಗಾಳಿಗಿಂತ ತಂಪಾಗಿ ಅದು ಯಾವುದನ್ನೂ ಮಾಡಲಾರದು. ಬಿಸಿ ಗಾಳಿಯನ್ನು ಬಿಸಿಯ ಮೇಲೆ ಬೀಸುತ್ತದೆ, ಅಷ್ಟೆ. “ಎ.ಸಿ. ಹಾಕಿಸ್ರೀ” ಎಂದು ಭೇಟಿಗೆ ಬಂದ ಸಾಹೇಬರೊಬ್ಬರು ಉಪದೇಶ ಮಾಡಿ ತಮ್ಮ ಕಾರು ಹತ್ತಿದರು. ಕಾರಿನ ಗಾಜು ಏರಿತು.

ಹಾಗಾದರೆ ಮನೆಯಲ್ಲೇ ಶೀತಯಂತ್ರ ಕಟ್ಟೋಣ ಎಂದುಕೊಂಡೆವು. ನಮ್ಮೊಳಗೊಬ್ಬ ಅಣ್ಣ ಫ್ರಿಜ್ಜು ರಿಪೇರಿ ಅಂಗಡಿಯಲ್ಲಿ ಕೈಯಾಳು. ಗುಜರಿಗೆ ಬರುವ ಫ್ರಿಜ್ಜುಗಳ ಹೊಟ್ಟೆ ಬಗೆದು ಬಗೆದು ಅದರ ನರನಾಡಿ ತಿಳಿದವನು. ಇನ್ನೊಬ್ಬರು ಹೈಸ್ಕೂಲು ಮೇಷ್ಟ್ರು. ಉಳಿದವರು ಕೈಗೆ ಸಿಕ್ಕಿದ್ದನ್ನೆಲ್ಲ ಓದುವವರು.

ಇದರ ಗುಟ್ಟು ಏಳನೇ ಕ್ಲಾಸಿನ ಮಗುವಿಗೂ ತಿಳಿಯುವಂಥದು. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 290 ಕಿಲೋಜೂಲ್ ಶಾಖ ಸಾಕು. ಆದರೆ ಅದೇ ಒಂದು ಲೀಟರ್ ನೀರು ಬೇಸಿಗೆಯ ಗಾಳಿಗೆ ಆರಿ ಆವಿಯಾಗಬೇಕಾದರೆ ಸುಮಾರು 2,400 ಕಿಲೋಜೂಲ್ ನುಂಗುತ್ತದೆ. ಎಂಟು ಪಟ್ಟು! ದ್ರವ ಆವಿಯಾಗುವಾಗ, ಗಡ್ಡೆ ಕರಗುವಾಗ, ಅಂದರೆ ವಸ್ತು ತನ್ನ ಸ್ಥಿತಿಯನ್ನೇ ಬದಲಾಯಿಸುವಾಗ ಹೀಗೆ ಶಾಖ ನುಂಗುತ್ತದೆ. ಥರ್ಮಾಮೀಟರ್ ಮಾತ್ರ ಕದಲುವುದಿಲ್ಲ. ಪಾಠದಲ್ಲಿ ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. 1760ರ ದಶಕದಲ್ಲಿ ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಇದನ್ನು ಅಳೆದು ತೋರಿಸಿದ. ಮೇಲಿನ ಲೆಕ್ಕ ನೋಡಿ ಕೇರಿ ಶಾಂತವಾಗಿದೆ ಎಂದು ವರದಿ ಬರೆಯುವವರಿಗೆ ಮೇಷ್ಟ್ರು ಈ ಪಾಠ ಮಾಡಬೇಕು.

ಫ್ರಿಜ್ಜು ಮಾಡುವುದೂ ಇದನ್ನೇ. ಅದರಲ್ಲಿ ನೀರಿನ ಬದಲು ಬೇರೆ ದ್ರವ. ಆರ್-134ಎ ಎಂಬುದು ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತಿ ಹಿಂಡುತ್ತದೆ. ಹಿಂದಿನ ಕಪ್ಪು ಜಾಲರಿಯಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ. ಮಿಲಿಮೀಟರಿಗಿಂತ ಸಣ್ಣ ತೂತಿನ ತಾಮ್ರದ ಕೊಳವೆಯಲ್ಲಿ ನುಸುಳಿ ಆಚೆ ಬಂದೊಡನೆ ಒತ್ತಡ ಬಿದ್ದುಹೋಗಿ ಕುದಿಯುತ್ತದೆ. ಕುದಿಯುವಾಗ ಪಕ್ಕದಲ್ಲಿರುವುದರ ಶಾಖ ನುಂಗುತ್ತದೆ. ಆ ಪಕ್ಕದಲ್ಲಿ ಪ್ರೊಸೆಸರ್ ಇಟ್ಟರೆ ಕೆಲಸ ಆಯಿತು. ಪಶ್ಚಿಮದ ಹವ್ಯಾಸಿಗಳು ಇದನ್ನು ತಮ್ಮ ಗ್ಯಾರೇಜುಗಳಲ್ಲಿ ಬಹಳ ಮಾಡಿದ್ದಾರೆ. 2000ದ ಆಸುಪಾಸಿನಲ್ಲಿ ಕ್ರಯೋಟೆಕ್, ವೇಪೋಚಿಲ್ ಎಂಬ ಹೆಸರಿನಲ್ಲಿ ಅಂಗಡಿಗೂ ಬಂದಿತ್ತು. ಅವರದು ಯಂತ್ರವನ್ನು ಅದರ ಶಕ್ತಿಮೀರಿ ಓಡಿಸುವ ಪಂದ್ಯ. ನಮ್ಮದು ಒಂದು ಅರ್ಜಿ ಪೂರ್ತಿ ತುಂಬುವ ಆಸೆ.

ಸಾಮಾನು ಕೂಡಿಸುವಾಗ ಈ ತಂಪಿನ ಚರಿತ್ರೆಯನ್ನೂ ಓದಿಕೊಂಡೆವು. 1833ರಲ್ಲಿ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ ಬಾಸ್ಟನ್ನಿನ ಕೆರೆಗಳ ಮಂಜುಗಡ್ಡೆಯನ್ನು ಹಡಗಿನಲ್ಲಿ ತುಂಬಿ ಕಲ್ಕತ್ತೆಗೆ ತಂದ. ಸಾಹೇಬರ ಮದ್ಯ ತಂಪಾಯಿತು. ಅದಕ್ಕಿಂತ ಮುಂಚಿನಿಂದಲೂ ಸಾಹೇಬರ, ನವಾಬರ ಬಾಗಿಲಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿರುತ್ತಿದ್ದರು. ಹೊರಗೆ ಒಬ್ಬ ಆಳು ಬಿಸಿಲಲ್ಲಿ ನಿಂತು ಅದಕ್ಕೆ ನೀರು ಎರಚುತ್ತಲೇ ಇರಬೇಕು. ಇನ್ನೊಬ್ಬ ಮೂಲೆಯಲ್ಲಿ ಕೂತು ಪಂಖದ ಹಗ್ಗ ಎಳೆಯುತ್ತಲೇ ಇರಬೇಕು. ನೀರು ಆವಿಯಾಗಿ ಒಳಗೆ ತಂಪು. ಹೊರಗಿನವನ ಬೆವರೂ ಆವಿಯಾಗುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಅದೇ ಚರಿತ್ರೆಯಲ್ಲಿ ನಮ್ಮವನೊಬ್ಬನೂ ಸಿಕ್ಕಿದ. ಫ್ರೆಡರಿಕ್ ಮೆಕಿನ್ಲೆ ಜೋನ್ಸ್, 1893ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕಪ್ಪು ಜನಾಂಗದವನು. ಎಳವೆಯಲ್ಲೇ ಅನಾಥ. ಶಾಲೆ ಬಿಟ್ಟ, ಗ್ಯಾರೇಜಿನಲ್ಲಿ ಕೈಕೆಲಸ ಕಲಿತ, ಪುಸ್ತಕ ಓದಿ ಎಲೆಕ್ಟ್ರಾನಿಕ್ಸ್ ಕಲಿತ. ಕುಲುಕಾಡುವ ಲಾರಿಯ ಮೇಲೂ ಕೆಡದೆ ಓಡುವ ಶೀತಯಂತ್ರ ಕಟ್ಟಿದ. ಅದಕ್ಕೆ ಪೇಟೆಂಟ್ ಬಂತು. ಇವತ್ತು ಲಾರಿಗಳಲ್ಲಿ ಹಣ್ಣು, ಹಾಲು, ಮಾಂಸ ಕೆಡದೆ ಊರೂರಿಗೆ ಹೋಗುವುದರ ಹಿಂದೆ ಅವನ ಕೈ ಇದೆ. ಅರವತ್ತಕ್ಕೂ ಹೆಚ್ಚು ಪೇಟೆಂಟ್ ಅವನ ಹೆಸರಿನಲ್ಲಿವೆ. 1961ರಲ್ಲಿ ತೀರಿಕೊಂಡ. ಆ ದೇಶ ತನ್ನ ತಂತ್ರಜ್ಞಾನದ ದೊಡ್ಡ ಪದಕವನ್ನು ಅವನಿಗೆ ಕೊಟ್ಟದ್ದು 1991ರಲ್ಲಿ, ಸತ್ತು ಮೂವತ್ತು ವರ್ಷವಾದ ಮೇಲೆ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ ಎಂದು ಹೆಸರಿಟ್ಟುಕೊಂಡಾಗ ಕಪ್ಪು ಜನರ ಹೋರಾಟವನ್ನು ನೆನೆದರು. ಅವರ ಪಾನೆ, ಸುತ್ತಿಗೆಯನ್ನೂ ನಾವು ನೆನೆಯಬೇಕು. ತಲೆಯ ಕೆಲಸ ಅವರದು, ಕೈಯ ಕೆಲಸ ನಿಮ್ಮದು ಎಂಬ ಸುಳ್ಳನ್ನು ಜೋನ್ಸನ ಹತ್ತು ಬೆರಳು ಸೀಳಿ ಹಾಕಿವೆ.

ಅಣ್ಣ ಗುಜರಿಯಿಂದ ಒಂದು ಬಾಗಿಲಿನ ಚಿಕ್ಕ ಫ್ರಿಜ್ಜು ತಂದ. ಅದರೊಳಗೆ ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಡಗೊಡದೆ ಅಂಗಡಿಯ ಸಿಲಿಂಡರಿಗೆ ಎಳೆಸಿದ. ಹಳೆಯ ಆರ್-12 ಗ್ಯಾಸು ಭೂಮಿಯ ಓಜೋನ್ ಪದರ ತಿಂದಿತೆಂದು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ನಮ್ಮ ದೇಶದಲ್ಲಿ 2010ರ ಹೊತ್ತಿಗೆ ಅದರ ಬಳಕೆ ನಿಂತಿತು. ಅದರ ಜಾಗಕ್ಕೆ ಬಂದ ಆರ್-134ಎ ಓಜೋನ್ ತಿನ್ನುವುದಿಲ್ಲ, ಆದರೆ ಭೂಮಿಯನ್ನು ಕಾಯಿಸುವುದರಲ್ಲಿ ಕಾರ್ಬನ್ ಡೈಆಕ್ಸೈಡಿನ ಸಾವಿರ ಪಟ್ಟಿಗೂ ಮೇಲೆ. ಹೊಸ ಫ್ರಿಜ್ಜುಗಳ ಆರ್-600ಎ ಈ ಎರಡೂ ದೋಷವಿಲ್ಲದ್ದು, ಆದರೆ ಬೆಂಕಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಬೆಸುಗೆ ಸೋರುತ್ತದೋ ಎಂದು ನೋಡಲು ನೈಟ್ರೋಜನ್ ತುಂಬಬೇಕು. ಆಕ್ಸಿಜನ್ ತುಂಬಿದರೆ ಒಳಗಿನ ಎಣ್ಣೆ ಸೇರಿ ಬಾಂಬಿನಂತೆ ಸಿಡಿಯುತ್ತದೆ. ಇದನ್ನು ಓದಿ ಕೈಹಾಕುವ ಹುಡುಗರು ಈ ಎರಡು ಮಾತು ಮರೆಯಬಾರದು: ಕಲಿತ ಮೆಕ್ಯಾನಿಕ್ ಪಕ್ಕದಲ್ಲಿರಲಿ, ಬೀಡಿ ಆ ಜಾಗದಲ್ಲಿ ಬೇಡ.

ಪರೀಕ್ಷೆಯ ದಿನ ಯಂತ್ರವನ್ನು ಬಾಗಿಲ ಹತ್ತಿರ ಬೆಂಚಿನ ಮೇಲಿಟ್ಟು ಓಡಿಸಿದೆವು. ಹತ್ತು ನಿಮಿಷದಲ್ಲಿ ತಾಮ್ರದ ತುಂಡಿನ ಮೇಲೆ ಬೆಳ್ಳಗೆ ಹಿಮ ಕೂತಿತು. 43 ಡಿಗ್ರಿ ಸೆಕೆಯಲ್ಲಿ, ನಮ್ಮ ಕೇರಿಯಲ್ಲಿ, ನಮ್ಮ ಕೈಯಲ್ಲಿ ಹಿಮ! ಮಕ್ಕಳು ಬೆರಳಿಟ್ಟು ಕಿರುಚಿದರು. ಮೇಷ್ಟ್ರ ಕಣ್ಣು ಒದ್ದೆಯಾಗಿದ್ದವು, ಸೆಕೆ ಅಂದರು.

ಓಣಿಯಲ್ಲಿ ಹೆಂಗಸರು ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದರು. ಯಂತ್ರದ ಬೆನ್ನಿನ ಫ್ಯಾನು ಅತ್ತ ಮುಖ ಮಾಡಿತ್ತು. ಬಿಸಿಗಾಳಿಯ ಜತೆ ಮೆಣಸಿನ ಘಾಟು ಎದ್ದು ಅವರ ಮುಖಕ್ಕೆ ಹೊಡೆಯಿತು. ನಮ್ಮ ಆಯಿ ಕೆಮ್ಮುತ್ತ ಎದ್ದು ಬಂದಳು.

“ಏನಪಾ ತಮ್ಮಗಳಿರಾ, ಒಳಗ ತಂಪು ಅಂತೀರಿ, ನಮ್ಮ ಮಾರಿಗಿ ಬೆಂಕಿ ಬಿಡ್ತೀರಿ. ಈ ಬಿಸಿ ಎಲ್ಲಿಗೆ ಹೋಗ್ತದ ಅಂತ ಲೆಕ್ಕ ಹಾಕೀರೇನು?”

ಲೆಕ್ಕ ಹಾಕಿದೆವು. ಪ್ರೊಸೆಸರಿನ 65 ವ್ಯಾಟ್, ಅದನ್ನು ಸಾಗಿಸಲು ಕಂಪ್ರೆಸರ್ ತಿನ್ನುವ ನೂರು ವ್ಯಾಟ್ ಹತ್ತಿರ. ಎರಡೂ ಸೇರಿ ಓಣಿಗೆ. ಒಂದೂವರೆ ಆಳಿನ ಮೈಬಿಸಿಯಷ್ಟು. ಶೀತಯಂತ್ರ ತಂಪನ್ನು ಹುಟ್ಟಿಸುವುದಿಲ್ಲ. ಒಬ್ಬರ ಬಿಸಿಯನ್ನು ಎತ್ತಿ ಇನ್ನೊಬ್ಬರ ಮನೆ ಮುಂದೆ ಸುರಿಯುತ್ತದೆ, ಸುರಿಯುವ ಕೂಲಿಯ ಬಿಸಿಯನ್ನೂ ಅಲ್ಲೇ ಸುರಿಯುತ್ತದೆ.

ಗೆಳೆಯರೇ, ಇದನ್ನು ನಾವು ಎಲ್ಲೋ ನೋಡಿದ್ದೇವಲ್ಲ? ಮಡಿ ಅನ್ನೋದು ಇದೇ ಯಂತ್ರ. ಅದು ಶುದ್ಧಿಯನ್ನು ಹುಟ್ಟಿಸಿದ್ದಿಲ್ಲ. ಅಗ್ರಹಾರದ ಹೊಲಸನ್ನು ಎತ್ತಿ ಕೇರಿಗೆ ಸುರಿಯಿತು. ಹೊತ್ತವನನ್ನೇ ಹೊಲಸೆಂದು ಕರೆಯಿತು. ನಮ್ಮ ಶಕ್ತಿನಗರದ ಚಿಮಣಿಗಳನ್ನು ನೋಡಿ. 1985ರಲ್ಲಿ ಮೊದಲ ಘಟಕ ಶುರುವಾಗಿ ಎಂಟು ಘಟಕ, 1720 ಮೆಗಾವ್ಯಾಟ್‌ವರೆಗೆ ಬೆಳೆದ ಸ್ಥಾವರ. ಇಂಥ ಸ್ಥಾವರದಲ್ಲಿ ಸುಡುವ ಕಲ್ಲಿದ್ದಲಿನ ಶಾಖದಲ್ಲಿ ಮೂರನೇ ಒಂದು ಪಾಲಿನಷ್ಟೇ ಕರೆಂಟಾಗುವುದು. ಆ ಪಾಲು ತಂತಿ ಹಿಡಿದು ದೂರದ ಗಾಜಿನ ಕಟ್ಟಡಗಳನ್ನೂ ತಂಪು ಮಾಡುತ್ತದೆ. ಉಳಿದ ಎರಡು ಪಾಲು ಬಿಸಿ ಮತ್ತು ಹಾರುಬೂದಿ ಇಲ್ಲೇ. 1942ರಿಂದ 1946ರವರೆಗೆ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಬಾಬಾಸಾಹೇಬರು ವಿದ್ಯುತ್ತು, ನೀರು ಎರಡನ್ನೂ ಇಡೀ ದೇಶದ ಪ್ರಶ್ನೆಯಾಗಿ ನೋಡಿದವರು. ಆ ಕರೆಂಟು ಕೇರಿಗೆ ಬಂದಾಗ ಕೇರಿಯೊಳಗೇ ಇನ್ನೊಂದು ಕೇರಿ ಮಾಡಬೇಕೇ ಎಂಬುದು ಅಂದು ಸಂಜೆ ನಮ್ಮ ಮುಂದಿದ್ದ ಪ್ರಶ್ನೆ.

ಕೋಣೆಗೆ ಇರುವುದು ಒಂದು ಬಾಗಿಲು, ಒಂದು ಕಿಟಕಿ. ಬಾಗಿಲು ಓಣಿಗೆ, ಕಿಟಕಿ ಬಾಣಂತಿಯ ಮನೆಗೆ. ಚರ್ಚೆ ರಾತ್ರಿ ಹತ್ತರತನಕ ನಡೆಯಿತು. ಆಗ ಆಯಿ ಹರವಿಯಿಂದ ಒಂದು ಚರಿಗೆ ನೀರು ತಂದು ಎಲ್ಲರಿಗೂ ಕೊಟ್ಟಳು. ಹಲ್ಲು ಜುಮ್ಮೆನ್ನುವ ತಂಪು. ಮೇಷ್ಟ್ರು ಚರಿಗೆ ಕೆಳಗಿಟ್ಟು ಕಾಗದದ ಮೇಲೆ ಗೀಚತೊಡಗಿದರು: 65 ವ್ಯಾಟ್, ಹತ್ತು ತಾಸು, 2,340 ಕಿಲೋಜೂಲ್. ಒಂದು ಲೀಟರ್ ನೀರು ಆವಿಯಾಗುವಾಗ ನುಂಗುವುದು 2,400. ಅಂದರೆ ಇಡೀ ದಿನ ಓಡುವ ಪ್ರೊಸೆಸರಿನ ಬಿಸಿಯನ್ನು ಒಂದೇ ಒಂದು ಲೀಟರ್ ನೀರು ಕುಡಿದುಬಿಡುತ್ತದೆ! ಹರವಿಯ ಮೈಯಲ್ಲಿ ದಿನಾ ಅಷ್ಟು ನೀರು ಬೆವರಿಯೇ ಹೋಗುತ್ತದೆ. ನಮ್ಮ ಒಣ ಸೀಮೆಯ ಗಾಳಿ ಒಣಗಿದಷ್ಟೂ ಹರವಿ ಚುರುಕು.

ಕುಂಬಾರರ ಓಣಿಯಿಂದ 20 ಲೀಟರಿನ ಹರವಿ ಬಂತು. ಕೂಲರಿಗೆ ಹಾಕುವ ಸಣ್ಣ ಪಂಪು ಅದರೊಳಗೆ. ತಾಮ್ರದ ಚದರ ತುಂಡಿನ ಬೆನ್ನಿಗೆ ಹಾವಿನಂತೆ ಬಳಸಿದ ಕಾಲಿಂಚಿನ ತಾಮ್ರದ ಕೊಳವೆಯನ್ನು ಅಣ್ಣ ಬೆಸೆದ. ಅದು ಪ್ರೊಸೆಸರಿನ ಮೇಲೆ ಕೂತಿತು. ಹರವಿಯ ನೀರು ಪೈಪಿನಲ್ಲಿ ಹತ್ತಿ, ತಾಮ್ರದಲ್ಲಿ ಸುತ್ತಿ, ಬಿಸಿ ಹೊತ್ತು ಮತ್ತೆ ಹರವಿಗೆ. ಹರವಿ ಯಂತ್ರಕ್ಕಿಂತ ಕೆಳಗೆ, ಮೂರು ಇಟ್ಟಿಗೆಯ ಮೇಲೆ. ತುಂಬಿ ಚೆಲ್ಲಿದರೂ ನೆಲಕ್ಕೆ. ಹೊಟ್ಟೆಗೆ ಒದ್ದೆ ಗೋಣಿ, ಎದುರಿಗೆ ಪುಟ್ಟ ಫ್ಯಾನು. ಕೋಣೆ 43 ಡಿಗ್ರಿ ಇದ್ದ ಮಧ್ಯಾಹ್ನ ಹರವಿಯ ನೀರು 31. ಪ್ರೊಸೆಸರ್ 60ರ ಒಳಗೆ. ಯಂತ್ರ ಸಂಜೆಯವರೆಗೆ ಕಣ್ಣು ಮುಚ್ಚಲಿಲ್ಲ. ಕರೆಂಟು ಹೋದರೂ ಹರವಿಯಲ್ಲಿ ತಂಪು ಉಳಿದಿರುತ್ತದೆ. ಮುಂಗಾರಿನ ತೇವದ ಗಾಳಿಗೆ ಹರವಿ ಮೈಗಳ್ಳನಾಗುತ್ತದೆ, ನಿಜ. ಆದರೆ ಆಗ ಕೋಣೆಯೇ 30ಕ್ಕೆ ಇಳಿದಿರುತ್ತದೆ. ಬೋರಿನ ಗಡಸು ನೀರಿನ ಉಪ್ಪು ಹರವಿಯ ಮೈ ಕಟ್ಟುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ತೆಂಗಿನ ನಾರಿನಿಂದ ಉಜ್ಜಬೇಕು, ಬೇಸಿಗೆಗೊಂದು ಹೊಸ ಹರವಿ ಬೇಕು. ಅಷ್ಟೇ ಖರ್ಚು.

ಹಿಮ ತೋರಿಸಿದ ಕಂಪ್ರೆಸರನ್ನು ಅಣ್ಣ ಮತ್ತೆ ಫ್ರಿಜ್ಜಿನ ಡಬ್ಬಿಗೆ ಕೂಡಿಸಿದ. ಕೇರಿಯ ಸಕ್ಕರೆ ಕಾಯಿಲೆಯವರ ಇನ್ಸುಲಿನ್ ಅದರಲ್ಲಿದೆ. ತೆರೆಯದ ಇನ್ಸುಲಿನ್ ಸೀಸೆಗೆ 2ರಿಂದ 8 ಡಿಗ್ರಿ ಬೇಕು, ಅದು ಹರವಿಯ ಕೈಲಾಗುವ ಕೆಲಸವಲ್ಲ. ಅದರ ಬಿಸಿಯೂ ಓಣಿಗೇ ಹೋಗುತ್ತದೆ. ಓಣಿಯವರನ್ನು ಕೂಡಿಸಿ ಕೇಳಿ ಇಟ್ಟೆವು. ಫ್ಯಾನಿನ ಮುಖ ಎತ್ತ ಇರಬೇಕೆಂದು ಆಯಿಯೇ ತೋರಿಸಿದಳು.

ಹರವಿ ಯಾಕೆ ತಂಪು ಮಾಡುತ್ತದೆ? ಅದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿವೆ. ತಾಮ್ರದ ಕೊಡಕ್ಕೆ ಅವು ಇಲ್ಲ. ಮಣ್ಣಿನ ಪಾತ್ರೆ ಮೈಲಿಗೆಯಾದರೆ ಒಡೆದು ಬಿಸಾಡಬೇಕು, ಲೋಹದ್ದಾದರೆ ಬೆಳಗಿದರೆ ಸಾಕು ಎಂದು ಶಾಸ್ತ್ರ ಹೇಳಿದ್ದೂ ಇದೇ ಗುಣದಿಂದ: ಮಣ್ಣು ಹೀರಿಕೊಳ್ಳುತ್ತದೆಯಂತೆ. ನೀರನ್ನು ತಂಪು ಮಾಡುವ ಆ ಸಣ್ಣ ತೂತುಗಳಲ್ಲಿ ಅವರು ನಮ್ಮ ಮೈಲಿಗೆಯನ್ನು ಕಂಡರು. ಶಾಲೆಯ ಹರವಿಯನ್ನು ಮುಟ್ಟಿದ್ದಕ್ಕೆ ಹೊಡೆತ ತಿಂದವರು ನಮ್ಮೊಳಗೇ ಇದ್ದಾರೆ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಬೊಗಸೆಯಲ್ಲಿ ಎತ್ತಿದರಲ್ಲ, ಆ ಮೇಲೆ ಮೇಲ್ಜಾತಿಯವರು 108 ಮಡಕೆ ನೀರೆತ್ತಿ ಪಂಚಗವ್ಯ ಹಾಕಿ ಕೆರೆಯನ್ನು ‘ಶುದ್ಧ’ ಮಾಡಿದರು. ಅಲ್ಲೂ ಮಡಕೆ! ಇಂದು ಆ ಮಡಕೆ ನಮ್ಮ ಕೋಣೆಯಲ್ಲಿ ಕೂತು ನಮ್ಮ ಕಂಪ್ಯೂಟರ್ ಓಡಿಸುತ್ತಿದೆ. ಅದನ್ನು ಎಲ್ಲ ಜಾತಿಯ ಮಕ್ಕಳೂ ಮುಟ್ಟುತ್ತಾರೆ. ಊರೊಳಗಿನಿಂದಲೂ ಅರ್ಜಿ ತುಂಬಿಸಲು ಬರುತ್ತಾರೆ. ಮುಟ್ಟದಿದ್ದರೆ ನೀರು ಎಷ್ಟಿದೆ ಎಂದು ತಿಳಿಯುವುದಿಲ್ಲ.

ಒಂದು ಮಾತು ಉಳಿದಿದೆ. ದಿನಕ್ಕೆ ಎರಡು ಲೀಟರ್ ನೀರು ಹರವಿಗೆ ಸೇರಿಸಬೇಕು. ಹರವಿ ಕೂರಿಸುವ ಮುಂಚೆಯೇ ಹತ್ತನೇ ಕ್ಲಾಸಿನ ಹುಡುಗಿ ಕೇಳಿದಳು: “ಅಣ್ಣಾ, ನೀರು ತರೋರು ಯಾರು?” ಬೋರಿನ ಮುಂದೆ ಸರದಿ ನಿಲ್ಲುವವರು, ಕೊಡ ಹೊರುವವರು ನಮ್ಮ ಕೇರಿಯಲ್ಲಿ ಯಾರೆಂದು ಹೇಳಬೇಕಾಗಿಲ್ಲ. ಪ್ರೊಸೆಸರಿನ ಬಿಸಿ ಓಣಿಗೆ ಹೋಗದೆ ಹುಡುಗಿಯರ ನೆತ್ತಿಗೆ ಹೋಗಬಾರದು. ಆದ್ದರಿಂದ ಮೊದಲು ನಿಯಮ, ಆಮೇಲೆ ಹರವಿ. ಕೂತು ಕೆಲಸ ಮಾಡುವವನೇ ನೀರು ತರಬೇಕು. ಗಂಡು ಮಕ್ಕಳ ಸರದಿ ಮೊದಲು. ಇದನ್ನು ಗೋಡೆಗೆ ಬರೆದವಳು ಆ ಹುಡುಗಿಯೇ.

ಊರೂರಿನ ಮೇಷ್ಟ್ರುಗಳಿಗೆ ನಮ್ಮ ಕೋರಿಕೆ ಇಷ್ಟು. ಗುಪ್ತೋಷ್ಣದ ಪಾಠ ಬಂದಾಗ ಒಂದು ಹರವಿಯನ್ನು ಮೇಜಿನ ಮೇಲಿಡಿ. ಎಲ್ಲ ಮಕ್ಕಳ ಕೈಯಿಂದಲೂ ಮುಟ್ಟಿಸಿ. ಆವಿಯಾದ ನೀರನ್ನು ಅಳೆಸಿ. ಆಮೇಲೆ ಊರಿನ ಬ್ಯಾಂಕು, ಕಚೇರಿ, ಸಾಹುಕಾರನ ಮನೆಯ ಹಿಂದಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ, ಅಲ್ಲಿ ತಿರುಗುವ ಫ್ಯಾನಿನ ಎದುರು ನಿಲ್ಲಿಸಿ ಕೇಳಿ: ಈ ಬಿಸಿ ಯಾರ ಮನೆ ಕಡೆ ಹೋಗ್ತದ?